ದತ್ತಿಯಿಂದ ಎದ್ದ ಶಾಲೆ: ಕರ್ನಾಟಕದಲ್ಲಿ ಸ್ಥಳೀಯ ದಾನ ಮತ್ತು ಅಭಿವೃದ್ಧಿಯ ಹಣಕಾಸು

ಅಭಿವೃದ್ಧಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ತೆರಿಗೆ, ಸಾಲ, ವಿದೇಶಿ ನೆರವು ಎಂಬ ಮೂರು ಉತ್ತರಗಳು ಸಾಮಾನ್ಯವಾಗಿ ಸಿದ್ಧವಾಗಿರುತ್ತವೆ. ಊರವರೇ ಕೂಡಿಸಿ ಕೊಟ್ಟ ಹಣವನ್ನು ಈ ಪಟ್ಟಿಗೆ ಸೇರಿಸುವವರು ಕಡಿಮೆ. ಅದನ್ನು ಧರ್ಮಕಾರ್ಯವೆಂದು ಗೌರವಿಸಿ, ಹಣಕಾಸಿನ ಚರಿತ್ರೆಯಿಂದ ಹೊರಗಿಡುವುದೇ ರೂಢಿ. ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಇತಿಹಾಸ ಈ ರೂಢಿಯನ್ನು ಒಪ್ಪುವುದಿಲ್ಲ. ಇಲ್ಲಿ ದಾನವು ಶಾಲೆ, ಕಾಲೇಜು, ವಿದ್ಯಾರ್ಥಿ ನಿಲಯಗಳ ನಿಜವಾದ ಬಂಡವಾಳವಾಗಿತ್ತು. ಆದರೆ ಅದರ ಶಕ್ತಿ ಮೊತ್ತದ ದೊಡ್ಡತನದಲ್ಲಿರಲಿಲ್ಲ. ಮೂಲಧನ ಕರಗದೆ ವರ್ಷವರ್ಷವೂ ಆದಾಯ ತರುವಂತೆ ಕೊಟ್ಟದ್ದು, ಆ ಆದಾಯದ ಮೇಲೆ ಹತ್ತಿರದವರ ಕಣ್ಣಿದ್ದದ್ದು, ಸರ್ಕಾರದ ಪಾಲನ್ನು ಎಳೆದು ತಂದದ್ದು, ಈ ಮೂರು ಕೂಡಿದಲ್ಲಿ ದಾನ ಅಭಿವೃದ್ಧಿಯಾಯಿತು. ಇವುಗಳಲ್ಲಿ ಒಂದು ತಪ್ಪಿದಲ್ಲೂ ಅದು ಸೊರಗಿತು, ಇಲ್ಲವೆ ದಾರಿ ತಪ್ಪಿತು ಎಂಬುದು ಈ ಲೇಖನದ ವಾದ.

ಆದಾಯ ತರುವ ದತ್ತಿಯ ಕಲ್ಪನೆ ಈ ನೆಲಕ್ಕೆ ಹೊಸದಲ್ಲ. ಕೆರೆ ಕಟ್ಟಿಸಿದವರ ಶಾಸನಗಳನ್ನು ಓದಿದರೆ, ಕಟ್ಟಿಸಿದ ಪುಣ್ಯದ ಜೊತೆಗೆ ಕೆರೆಯನ್ನು ಉಳಿಸುವ ಏರ್ಪಾಡೂ ಕಾಣುತ್ತದೆ. ಅಂಥ ಏರ್ಪಾಡುಗಳಲ್ಲೊಂದಾದ ಬಿತ್ತುವಟ್ಟವೆಂದರೆ ಕೆರೆಯ ನಿರ್ವಹಣೆಗೆಂದು ಮೀಸಲಿಟ್ಟ ಭೂಮಿ ಅಥವಾ ಫಸಲಿನ ಪಾಲು. ಹೂಳು ತೆಗೆಯುವ ಬಂಡಿಯ ಖರ್ಚಿಗೆಂದೇ ಭೂಮಿ ಬಿಟ್ಟ ಉದಾಹರಣೆಗಳೂ ಇವೆ. ವಿದ್ಯೆಯ ವಿಷಯದಲ್ಲಿ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಇನ್ನಷ್ಟು ಸ್ಪಷ್ಟವಾಗಿದೆ. ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನನ ಹೆಸರಿನೊಡನೆ ಬರುವ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಮತ್ತು ಶಾಸ್ತ್ರಗಳ ವಿದ್ಯಾರ್ಥಿಗಳಿಗೆ, ಉಪಾಧ್ಯಾಯರಿಗೆ ಏರ್ಪಾಡಿತ್ತು. ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಪುಸ್ತಕ ಕಾಯುವವನ ಜೀವನೋಪಾಯವನ್ನೂ ಲೆಕ್ಕ ಹಿಡಿದು ದತ್ತಿ ಬಿಟ್ಟವರಿಗೆ ಸಂಸ್ಥೆಯೊಂದು ನಿಲ್ಲುವುದು ಅದರ ನಿತ್ಯದ ಖರ್ಚಿನ ಮೇಲೆ ಎಂಬುದು ಚೆನ್ನಾಗಿ ತಿಳಿದಿತ್ತು. ಆ ವಿದ್ಯೆ ಕೆಲವೇ ಜನರ ಸೊತ್ತಾಗಿತ್ತೆಂಬುದು ನಿಜ. ಆದರೂ ಹಣಕಾಸಿನ ರಚನೆಯಾಗಿ ಅದು ಪಕ್ವವಾದದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹಳೆಯ ರಚನೆಗೆ ಹೊಸ ಗುರಿ ದೊರೆಯಿತು. 1854ರ ವುಡ್ ನಿರೂಪ (ಡಿಸ್‌ಪ್ಯಾಚ್) ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿಯನ್ನು ತಂದಿತ್ತು. 1882ರ ಹಂಟರ್ ಆಯೋಗ ಖಾಸಗಿ ಪ್ರಯತ್ನಗಳಿಗೆ ಮತ್ತಷ್ಟು ಒತ್ತುಕೊಟ್ಟಿತು. ಸರ್ಕಾರದ ಹಣ ಬೇಕಾದರೆ ಮೊದಲು ಊರವರು ತಮ್ಮ ಪಾಲನ್ನು ಕೂಡಿಸಬೇಕಾಗಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಈ ಅಗತ್ಯ ತೀವ್ರವಾಗಿತ್ತು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯುವವರೆಗೆ ಉನ್ನತ ಶಿಕ್ಷಣಕ್ಕೆ ಇಲ್ಲಿನ ಹುಡುಗರು ಪುಣೆ, ಕೊಲ್ಹಾಪುರ, ಮುಂಬಯಿಗಳಿಗೆ ಹೋಗಬೇಕಿತ್ತು. 1883ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಇಂಥ ಹುಡುಗರಿಗೆ ನೆರವಾಗುವ ನಿಧಿಯನ್ನು ಕಟ್ಟಿತು. ಅದರ ಹಿಂದೆ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರಂಥವರ ಶ್ರಮವಿತ್ತು. ಕರ್ನಾಟಕ ಕಾಲೇಜಿಗಾಗಿ ಜನರಿಂದ ಹಣ ಎತ್ತಿದವರಲ್ಲಿ ರೊದ್ದ ಶ್ರೀನಿವಾಸರಾಯರ ಜೊತೆಗೆ ರುದ್ರಗೌಡರೂ ಇದ್ದರು. ಸರ್ಕಾರಿ ಕಾಲೇಜಿಗೂ ವಂತಿಗೆ ಎತ್ತಬೇಕಾಗಿ ಬಂದ ಸಂಗತಿಯೇ ದಾನ ಮತ್ತು ಸರ್ಕಾರದ ಸಂಬಂಧವನ್ನು ತಿಳಿಸುತ್ತದೆ: ಊರು ಮುಂದೆ ಬಂದ ಮೇಲೆಯೇ ಸರ್ಕಾರ ಹೆಜ್ಜೆ ಹಾಕುತ್ತಿತ್ತು.

ದಾನದ ರೂಪ ಹೇಗೆ ಬದಲಾಯಿತೆಂಬುದಕ್ಕೆ ಶಿರಸಂಗಿ ಲಿಂಗರಾಜ ದೇಸಾಯಿಯವರ (1861–1906) ಬದುಕು ಒಳ್ಳೆಯ ಸಾಕ್ಷಿ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಶಿಕ್ಷಣಕ್ಕೆಂದು ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ದೇಸಗತಿಯ ಆಸ್ತಿ ವಾರಸುದಾರರ ಕೈಗೆ ಹೋಗುವುದು ಆ ಕಾಲದ ಸಹಜ ಕ್ರಮ. ಅದನ್ನು ತಪ್ಪಿಸಿ, ಇನ್ನೂ ಹುಟ್ಟದ ವಿದ್ಯಾರ್ಥಿಗಳನ್ನು ವಾರಸುದಾರರನ್ನಾಗಿ ಮಾಡಿದ್ದು ಕಾನೂನಿನ ದೃಷ್ಟಿಯಿಂದಲೂ ಸಮಾಜದ ದೃಷ್ಟಿಯಿಂದಲೂ ದೊಡ್ಡ ಹೆಜ್ಜೆ. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿತು. ಆ ಕಾಲೇಜನ್ನು ತೆರೆದದ್ದು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ, ಅಂದರೆ ಇಂದಿನ ಕೆ.ಎಲ್.ಇ. ಸಂಸ್ಥೆ.

1916ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆಯಿಂದ ಶುರುವಾದ ಕೆ.ಎಲ್.ಇ. ಸಂಸ್ಥೆಯ ಲೆಕ್ಕದಲ್ಲಿ ಹಣಕ್ಕಿಂತ ಮೊದಲು ಬರುವುದು ದುಡಿಮೆ. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಕಟ್ಟಿಮನಿ, ಚಿಕ್ಕೋಡಿ, ಸರದಾರ ಪಾಟೀಲ, ಈ ಏಳು ಮಂದಿಯನ್ನು ಆ ಭಾಗದ ಜನ ಸಪ್ತರ್ಷಿಗಳೆಂದೇ ಕರೆಯುತ್ತಾರೆ. ಸಂಬಳದ ಆಸೆ ಬಿಟ್ಟು ಆಜೀವ ಸದಸ್ಯರಾಗಿ ದುಡಿದ ಶಿಕ್ಷಕರ ತ್ಯಾಗ ಲೆಕ್ಕಪುಸ್ತಕದಲ್ಲಿ ಕಾಣದ ದಾನ. ಪಾಠ ಹೇಳುವ ಖರ್ಚು ತಗ್ಗಿದ್ದರಿಂದಲೇ ಕೂಡಿಸಿದ ಹಣ ಕಟ್ಟಡಕ್ಕೆ, ಪ್ರಯೋಗಾಲಯಕ್ಕೆ ಉಳಿಯಿತು. ಈ ತ್ಯಾಗವನ್ನು ಕಂಡ ಮೇಲೆ ದೊಡ್ಡ ದಾನಿಗಳ ಕೈ ತೆರೆಯಿತು. ಮೊದಲ ಶಾಲೆಗೆ ಗಿಲಗಂಚಿ ಮತ್ತು ಅರಟಾಳರ ಹೆಸರು ಬಂತು. ಬೆಳಗಾವಿಯ ವಿಜ್ಞಾನ ಕಾಲೇಜಿಗೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರು, 1947ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜಿಗೆ ಬಿ.ವಿ. ಭೂಮರಡ್ಡಿಯವರ ಹೆಸರು. ಶಿಕ್ಷಕರು ಮೊದಲು ಕೊಟ್ಟರು, ಧನಿಕರು ಆಮೇಲೆ ಕೊಟ್ಟರು ಎಂಬ ಈ ಕ್ರಮ ಮುಖ್ಯವಾದದ್ದು. ಸಂಸ್ಥೆಯ ಒಳಗಿನವರ ನಿಸ್ಪೃಹತೆಯೇ ಹೊರಗಿನ ದಾನಿಗೆ ಸಿಕ್ಕ ಜಾಮೀನು.

ಧನಿಕರ ಹೆಸರಿನ ಫಲಕಗಳು ಉಳಿಯುತ್ತವೆ, ಹಿಡಿ ಜೋಳ ಕೊಟ್ಟವರ ಹೆಸರು ಉಳಿಯುವುದಿಲ್ಲ. ಆದರೆ ಉಚಿತ ಪ್ರಸಾದ ನಿಲಯಗಳು ನಿಂತದ್ದು ಅಂಥವರಿಂದಲೇ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾಮಠಗಳಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲೇ ವಿದ್ಯಾರ್ಥಿಗಳಿಗೆ ಊಟ, ವಸತಿ ಶುರುವಾಗಿತ್ತು. ಸುಗ್ಗಿ ಮುಗಿದ ಮೇಲೆ ರೈತರು ಮಠಕ್ಕೆ ಒಪ್ಪಿಸುವ ರಾಗಿ, ಜೋಳ, ತೆಂಗಿನಕಾಯಿಗಳು ನಗದು ಕಡಿಮೆಯಿದ್ದ ಹಳ್ಳಿಯ ಆರ್ಥಿಕತೆಗೆ ಹೊಂದಿಕೊಂಡ ವಂತಿಗೆ. ಕೊಡುವವನಿಗೆ ಭಾರವಾಗದು, ಪ್ರತಿವರ್ಷ ಮರಳಿ ಬರುತ್ತದೆ, ತನ್ನ ಕಾಳು ಯಾರ ಹೊಟ್ಟೆ ಸೇರಿತೆಂಬುದನ್ನು ಅವನು ಹೋಗಿ ಕಣ್ಣಾರೆ ನೋಡಬಹುದು. ಇನ್ನೊಂದು ಮಾರ್ಗ ಉಳಿತಾಯದ್ದು. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ ಫ.ಗು. ಹಳಕಟ್ಟಿಯವರೇ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೂ ನಾಂದಿ ಹಾಡಿದರು. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲನ್ನು, 1906ರಲ್ಲಿ ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನು ತೆರೆದರು. ಶಾಲೆ ಕಟ್ಟುವ ಕೈಯೇ ಬ್ಯಾಂಕನ್ನೂ ಕಟ್ಟಿದ್ದು ಕಾಕತಾಳೀಯವಲ್ಲ. ಚಿಕ್ಕ ಮೊತ್ತಗಳನ್ನು ಕೂಡಿಸಿ ಶಿಸ್ತಿನಿಂದ ಲೆಕ್ಕ ಇಡುವ ವಿದ್ಯೆ ಎರಡಕ್ಕೂ ಬೇಕು.

ಈ ವಾದಕ್ಕೆ ಮೊದಲ ಆಕ್ಷೇಪ, ಶಿಕ್ಷಣದ ಹೆಚ್ಚಿನ ಭಾರ ಹೊತ್ತದ್ದು ಸರ್ಕಾರ, ದಾನ ಅದರ ಮುಂದೆ ಅಲ್ಪ ಎಂಬುದು. ಒಟ್ಟು ಮೊತ್ತದ ಮಾತಾದರೆ ಇದು ಸರಿ. ಪ್ರಾಥಮಿಕ ಶಿಕ್ಷಣವನ್ನು ದಾನದಿಂದ ನಾಡಿನ ಮೂಲೆಮೂಲೆಗೆ ಒಯ್ಯಲಾಗದು, ಒಯ್ಯಬೇಕೆಂದು ಯಾರೂ ಕೇಳಬಾರದು. ಆದರೆ ಅನಿಶ್ಚಿತವಾದ ಹೊಸ ಕೆಲಸಕ್ಕೆ ಮೊದಲ ಹಣ ಹಾಕುವುದರಲ್ಲಿ ದಾನದ ಪಾತ್ರ ಬೇರೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದಕ್ಕೆ ಸ್ಪಷ್ಟ ನಿದರ್ಶನ. ಜಮ್‌ಶೆಟ್‌ಜಿ ಟಾಟಾ ಅವರು ಅದಕ್ಕೆ ಮುಡಿಪಿಟ್ಟದ್ದು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ; ಸಂಸ್ಥೆಯ ವಾರ್ಷಿಕ ಖರ್ಚಿಗೆ ಆಧಾರವಾಗಬೇಕಾದದ್ದು ಅದರ ಆದಾಯ. 1898ರ ಸುಮಾರಿಗೆ ರೂಪುಗೊಂಡ ಈ ಯೋಜನೆಗೆ ಬ್ರಿಟಿಷ್ ಸರ್ಕಾರ ವರ್ಷಗಟ್ಟಲೆ ಹಿಂದೆಮುಂದೆ ನೋಡಿತು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು, ವಾರ್ಷಿಕ ಅನುದಾನದ ಮಾತನ್ನೂ ಕೊಟ್ಟಿತು. ಟಾಟಾ ಅವರು 1904ರಲ್ಲೇ ತೀರಿಕೊಂಡರೂ 1909ರಲ್ಲಿ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಮೂಲಧನ ಭದ್ರವಾಗಿದ್ದುದರಿಂದ ದಾನಿ ಇಲ್ಲವಾದರೂ ಯೋಜನೆ ಉಳಿಯಿತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಈ ದಾನಗಳೆಲ್ಲ ಜಾತಿಯ ಗೆರೆಯೊಳಗೆ ಹರಿದವು. ಹಳೆಯ ಮೈಸೂರಿನಲ್ಲಿ 1905ರ ಲಿಂಗಾಯತ ಶಿಕ್ಷಣ ನಿಧಿ, 1906ರ ಒಕ್ಕಲಿಗರ ಸಂಘ, 1909ರ ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್‌ಗಳನ್ನು ಸಾಲಾಗಿ ನೋಡಿದರೆ ಆಕ್ಷೇಪದ ಬಲ ತಿಳಿಯುತ್ತದೆ. ಭೂಮಿ, ವ್ಯಾಪಾರ ಇದ್ದ ಸಮುದಾಯಗಳು ತಮ್ಮ ಮಕ್ಕಳಿಗೆ ನಿಧಿ ಕಟ್ಟಿಕೊಂಡವು. ಇಲ್ಲದವರಿಗೆ ದಾನಿಯೂ ಇರಲಿಲ್ಲ. 1897ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳ ಶಿಕ್ಷಣಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಹಾಗಾಗಿ ದಾನ ಸಮಾನತೆಯ ಸಾಧನವಾಯಿತೆಂದು ಹೇಳಲು ಬರುವುದಿಲ್ಲ. ಅದು ಹಿಂದುಳಿದ ಕೆಲವು ಸಮುದಾಯಗಳನ್ನು ಮೇಲೆತ್ತಿತು, ಅತ್ಯಂತ ಕೆಳಗಿದ್ದವರನ್ನು ಮುಟ್ಟಲಿಲ್ಲ. ಅದೇ ಹೊತ್ತಿಗೆ ಗೆರೆ ದಾಟಿದ ಉದಾಹರಣೆಗಳೂ ಇವೆ. ಸಿದ್ಧಗಂಗೆಯ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳು ಕೂತು ಉಂಡರು; ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ, 1903ರಲ್ಲಿ ತೆರೆದ ಛತ್ರ ಎಲ್ಲ ಪ್ರವಾಸಿಗಳಿಗೂ ಆಸರೆಯಾಯಿತು. ಸರ್ಕಾರದ ಮೀಸಲಾತಿ, ವಿದ್ಯಾರ್ಥಿವೇತನಗಳು ದಾನ ಬಿಟ್ಟ ತೆರವನ್ನು ತುಂಬಬೇಕೆಂಬುದೇ ಈ ಇತಿಹಾಸದ ಪಾಠ, ದಾನವನ್ನು ನಂಬಿ ಅವನ್ನು ಕೈಬಿಡಬೇಕೆಂಬುದಲ್ಲ.

ಮೂರನೆಯದಾಗಿ, ದತ್ತಿಯ ಆದಾಯ ಗೇಣಿದಾರನ ಬೆವರಿನಿಂದ ಬಂದದ್ದಲ್ಲವೆ, ದಾನದ ಹೆಸರಿನ ಸಂಸ್ಥೆಗಳೇ ಕೊನೆಗೆ ವ್ಯಾಪಾರಕ್ಕಿಳಿಯಲಿಲ್ಲವೆ ಎಂದು ಕೇಳುವವರಿದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ, 1974ರ ಭೂಸುಧಾರಣೆಗಳು ಉಳುವವನ ಹಕ್ಕನ್ನು ಎತ್ತಿಹಿಡಿದದ್ದು ಸರಿಯೇ. ಆದರೆ ಅದರ ಜೊತೆಗೆ ದತ್ತಿಗಳ ಸ್ಥಿರ ಆದಾಯದ ಬುಡವೂ ಕಡಿಯಿತು. ಅತ್ತ ವೃತ್ತಿಶಿಕ್ಷಣದ ಸೀಟುಗಳಿಗೆ ಬೇಡಿಕೆ ಏರಿತು, ಖರ್ಚಿನ ಭಾರ ವಿದ್ಯಾರ್ಥಿಯ ಹೆಗಲಿಗೆ ಜಾರಿತು. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತರಬೇಕಾಯಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಸೂಲಿಯನ್ನು ಖಂಡಿಸಿತು. ಪೋಷಕರಿಂದ ಸೀಟಿಗಾಗಿ ಪಡೆದ ಹಣಕ್ಕೆ ಆಡುಮಾತಿನಲ್ಲಿ ಡೊನೇಶನ್ ಎಂಬ ಹೆಸರು ಬಂದದ್ದು ಆ ಪರಂಪರೆಗೆ ಆದ ಅವಮಾನ. ಸೀಟಿನ ಹಣ ಕೊಟ್ಟ ಪೋಷಕರಿಗೆ ಸಂಸ್ಥೆಯ ಲೆಕ್ಕ ಕೇಳುವ ಹಕ್ಕೂ ಇರಲಿಲ್ಲ. ಮೂಲಧನವೂ ಹತ್ತಿರದ ನಿಗಾವೂ ಕಳಚಿದಾಗ ದಾನದ ಸಂಸ್ಥೆ ಏನಾಗುತ್ತದೆಂಬುದಕ್ಕೆ ಇದೇ ಪುರಾವೆ.

ಈ ಚರ್ಚೆ ಇಂದಿಗೂ ಸಲ್ಲುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ನಿಗದಿತ ಗಾತ್ರದ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವ್ಯಯಿಸಬೇಕೆನ್ನುತ್ತದೆ. 2020ರಲ್ಲಿ ವಿದೇಶಿ ದೇಣಿಗೆಯ ನಿಯಮಗಳು ಬಿಗಿಯಾದ ಮೇಲೆ ಸ್ವಯಂಸೇವಾ ಸಂಸ್ಥೆಗಳು ದೇಶದೊಳಗಿನ ಹಣವನ್ನೇ ಹೆಚ್ಚು ನೆಚ್ಚಬೇಕಾಗಿದೆ. ಹೀಗಿರುವಾಗ 2021ರ ಜನವರಿಯಿಂದ ಸಂಸ್ಥೆಯೊಂದರ ಮೂಲನಿಧಿಗೆ ಕೊಟ್ಟ ಹಣವನ್ನು ಕಂಪನಿಗಳ ಈ ಸಾಮಾಜಿಕ ವೆಚ್ಚದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಣ ಖಾತೆಯಲ್ಲಿ ಕೊಳೆಯಬಾರದು, ಕೆಲಸ ಕಣ್ಣಿಗೆ ಕಾಣಬೇಕು ಎಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಆಸ್ತಿಯ ಆದಾಯವನ್ನು ಮುಡಿಪಿಟ್ಟ ಟಾಟಾ, ತಮ್ಮ ಸಂಸ್ಥಾನವನ್ನೇ ಬಿಟ್ಟುಕೊಟ್ಟ ಲಿಂಗರಾಜ ಇವರ ದಾನದ ರೂಪಕ್ಕೆ ಈ ನಿಯಮದಲ್ಲಿ ಜಾಗವಿಲ್ಲ. ವರ್ಷದ ಗಡುವಿನ ಯೋಜನೆಗಳಿಂದ ಕಟ್ಟಡ ಏಳಬಹುದು, ಕಂಪ್ಯೂಟರ್ ಬರಬಹುದು. ಮೂವತ್ತು ವರ್ಷ ಪಾಠ ಹೇಳುವ ಶಿಕ್ಷಕನ ಸಂಬಳ ಬಾರದು. ಕೊಡುಗೆಯ ಒಂದು ಪಾಲನ್ನಾದರೂ ಮೂಲನಿಧಿಗೆ ಹಾಕಲು ಅವಕಾಶ ಕೊಡಬೇಕು. ಆ ನಿಧಿಯ ಲೆಕ್ಕ ಊರಿನವರ ಮುಂದೆ ತೆರೆದಿರಬೇಕು, ಫಲ ಯಾವುದೇ ಜಾತಿಯ ಮಗುವಿಗೂ ಸಲ್ಲಬೇಕು ಎಂಬ ಕರಾರುಗಳನ್ನೂ ಜೊತೆಗೆ ಹಾಕಬೇಕು. ಒಂದು ಶತಮಾನದ ಹಿಂದೆ ಕನ್ನಡ ಜಿಲ್ಲೆಗಳ ಶಿಕ್ಷಕರು, ರೈತರು, ದೇಸಾಯರು ಸೇರಿ ಕಟ್ಟಿದ ಸಂಸ್ಥೆಗಳ ಬಲವನ್ನು ಉಳಿಸಿಕೊಂಡು, ಅವುಗಳ ಕೊರತೆಯನ್ನು ತಿದ್ದಲು ಇದಕ್ಕಿಂತ ನೇರವಾದ ದಾರಿ ಕಾಣದು.