ಮಿರಗದ ಮಳೆ, ಚಿಗರಿ ಮತ್ತು ಮುತ್ಯಾನ ಬಿಲ್ಲು

ಮಿರಗದ ಮಳೆ ಮುಗಿದು ಆರಿದ್ರಾ ಹಿಡಿದಿತ್ತು. ಸೋದರಮಾವನ ಹೊಲ ನೋಡಿ ಬರೋಣ ಅಂತ ಕಡಗಂಚಿಗೆ ಹೋಗಿದ್ದೆ. ಆಳಂದ ರಸ್ತೆಯ ಈ ಊರು ಹೊರಗಿನವರಿಗೆ ಗೊತ್ತಾಗಿರುವುದು 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯದಿಂದ. ನಮಗೆ ಮಾತ್ರ ಅದು ಎರಿ ಹೊಲದ ಊರು, ತೊಗರಿಯ ಊರು, ಚಿಗರಿಯ ಊರು. ಪುಸ್ತಕದಲ್ಲಿ ಕೃಷ್ಣಮೃಗ ಅಂತ ಬರೆಯುತ್ತಾರಲ್ಲ, ಅದನ್ನೇ ನಮ್ಮ ಕಡೆ ಚಿಗರಿ ಅನ್ನುವುದು.

ಮಾವ ಹೊಲದ ಬದುವಿನ ಮೇಲೆ ಸುಮ್ಮನೆ ಕೂತಿದ್ದರು. ಎರಡೆಲೆ ಒಡೆದಿದ್ದ ಹೆಸರಿನ ಸಾಲುಗಳು ಅಲ್ಲಲ್ಲಿ ಬೋಳಾಗಿದ್ದವು. ರಾತ್ರಿ ಹಿಂಡು ಬಂದು ಹೋಗಿತ್ತು.

"ನಿಮ್ಮ ಮುತ್ಯಾ ಇದ್ದಿದ್ರ ಬಿಲ್ಲು ಹಿಡ್ಕೊಂಡು ಕೂಡ್ತಿದ್ದ ಅಳಿಯಾ. ನಾವು ಡಬ್ಬಿ ಬಡಕೋತ ಕುಂತೀವಿ," ಅಂದರು.

ಮುತ್ಯಾನ ಬಿಲ್ಲಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿಜಾಮನ ಕಾಲದಲ್ಲಿ ಒಂದೇ ಬಾಣಕ್ಕೆ ಓಡುವ ಚಿಗರಿ ಕೆಡವುತ್ತಿದ್ದನಂತೆ! ಬಿಲ್ಲನ್ನು ಮಾತ್ರ ಯಾರೂ ನೋಡಿಲ್ಲ. ಆದರೆ ಈ ಸಲ ನನಗೆ ಬೇರೆಯೇ ಪ್ರಶ್ನೆ ತಲೆಗೆ ಹೊಕ್ಕಿತು. ಈ ಬಟ್ಟಬಯಲಿನಲ್ಲಿ, ಮಳೆಗಾಲದ ಶುರುವಿನಲ್ಲಿ, ಬಿಲ್ಲಿನಿಂದ ಚಿಗರಿ ಹೊಡೆಯುವುದು ಸಾಧ್ಯವಿತ್ತೇ? ಇದ್ದರೆ ಎಂಥ ಬಿಲ್ಲು, ಎಂಥ ಹೆದೆ ಬೇಕಿತ್ತು?

ಬಿಲ್ಲಿನ ಪಟ್ಟಿ ಹುಡುಕಿದರೆ ಮೊದಲು ಸಿಗುವುದು ಕೌಟಿಲ್ಯನ ಅರ್ಥಶಾಸ್ತ್ರ. ಮರೆತೇ ಹೋಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರ ಆಯುಧಾಗಾರದ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳಿವೆ. ಹೆದೆಗೆ ಮೂರ್ವಾ, ಎಕ್ಕ, ಸಣಬು, ಬಿದಿರಿನ ನಾರು, ಪ್ರಾಣಿಗಳ ನರ ಮುಂತಾದವು. ಬಾಣದ ಮೊನೆಗೆ ಕಬ್ಬಿಣ, ಎಲುಬು, ಮರ. ಕತ್ತರಿಸುವ ಮೊನೆ ಬೇರೆ, ಚುಚ್ಚುವ ಮೊನೆ ಬೇರೆ, ಬರೀ ಬಡಿಯುವ ಮೊನೆ ಬೇರೆ.

ಇದು ಯುದ್ಧದ ಪಟ್ಟಿ, ನಿಜ. ಆದರೂ ನಮ್ಮ ಮುತ್ಯಾನಿಗೆ ಇದರಿಂದಲೇ ಆರಿಸಿ ಕೊಡೋಣ!

ಕೊಂಬಿನ ಬಿಲ್ಲು ಬಲವಾದದ್ದು. ಆದರೆ ಕೊಂಬು, ನರ, ಮರ ಇವನ್ನು ಕೂಡಿಸಿ ಮಾಡಿದ ಬಿಲ್ಲಿನ ಜೀವ ಇರುವುದು ಅಂಟಿನಲ್ಲಿ. ಆ ಅಂಟು ಚರ್ಮ ಕುದಿಸಿ ತೆಗೆದದ್ದು. ತೇವ ಹತ್ತಿದರೆ ಮೆತ್ತಗಾಗುತ್ತದೆ. ಆರಿದ್ರಾ ಮಳೆಯಲ್ಲಿ ಅದನ್ನು ಹಿಡಿದು ಕೂತರೆ ಬೇಟೆಗಿಂತ ಬಿಲ್ಲು ಕಾಯುವುದೇ ಕೆಲಸವಾದೀತು. ಹಾಗಾಗಿ ಬಿದಿರೇ ಸರಿ. ನರದ ಹೆದೆಯೂ ಬೇಡ, ನೆನೆದರೆ ಜಗ್ಗುತ್ತದೆ. ಸಣಬು ಮಳೆಗೆ ತಾಳುತ್ತದೆ. ಎಕ್ಕವಂತೂ ಕಡಗಂಚಿಯ ಪ್ರತಿ ಬದುವಿನ ಮೇಲೂ ಇದೆ. ಅದರ ನಾರು ನೂಲಿನಂತೆ ನುಣುಪು, ಗಟ್ಟಿ. ಮೊನೆ ಮಾತ್ರ ಅಗಲವಾದ, ಹರಿತವಾದ ಕಬ್ಬಿಣದ್ದೇ ಬೇಕು. ಗುಂಡಿನ ಹಾಗೆ ಬಾಣ ಪೆಟ್ಟಿನಿಂದ ಕೊಲ್ಲುವುದಿಲ್ಲ, ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಕಾಲಿಗೆ ಕೆರ ಬೇಡ. ಎರಿ ಮಣ್ಣು ನೆನೆದರೆ ಒಂದೊಂದು ಕೆರಕ್ಕೂ ಸೇರುಗಟ್ಟಲೆ ಮೆತ್ತಿಕೊಳ್ಳುವುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಆಯಿತು, ಸಾಮಾನು ಸಿದ್ಧ. ಈಗ ಲೆಕ್ಕ ನೋಡಿ.

ಸಾದಾ ಬಿಲ್ಲಿನ ಬಾಣ ಸೆಕೆಂಡಿಗೆ 50 ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. 40 ಮೀಟರ್ ದೂರದ ಚಿಗರಿಗೆ ತಲುಪಲು 0.8 ಸೆಕೆಂಡ್ ಬೇಕು. ಹೆದೆಯ ಸಪ್ಪಳ ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ. ಅಂದರೆ ಬಾಣ ಬರುವ ಅರ್ಧ ಸೆಕೆಂಡಿಗೂ ಮೊದಲೇ ಚಿಗರಿಗೆ ಸುದ್ದಿ ಮುಟ್ಟಿರುತ್ತದೆ! ಗಂಟೆಗೆ 80 ಕಿ.ಮೀ. ಓಡಬಲ್ಲ ಪ್ರಾಣಿಗೆ ಅಷ್ಟು ಸಮಯ ಧಾರಾಳ. ಅದೂ ಅಲ್ಲದೆ 40 ಮೀಟರ್ ಹತ್ತಿರ ಹೋಗುವುದಾದರೂ ಹೇಗೆ? ಮರವಿಲ್ಲ, ಪೊದೆಯಿಲ್ಲ. ಪೈರು ಇನ್ನೂ ಗೇಣುದ್ದವೂ ಇಲ್ಲ. ಸುಗ್ಗಿಯ ಹೊತ್ತಿಗಾದರೆ ಆಳೆತ್ತರದ ತೊಗರಿಯ ಮರೆಯಾದರೂ ಇರುತ್ತದೆ. ಚಿಗರಿಯ ಕಣ್ಣೋ, ಬಲು ಚುರುಕು.

ಹಾಗಾದರೆ ಹಿಂದಿನವರು ಹೇಗೆ ಹಿಡಿದರು? ಉತ್ತರ ನಮ್ಮ ನೆರೆಯ ಕಲ್ಯಾಣದಲ್ಲೇ ಇದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ನೂರು ಅಧ್ಯಾಯಗಳ ಈ ದೊಡ್ಡ ಪುಸ್ತಕದಲ್ಲಿ ಅಡುಗೆ, ಸಂಗೀತ, ಚಿತ್ರಕಲೆ, ಮೀನುಗಾರಿಕೆ ಎಲ್ಲ ಇದೆ. ಬೇಟೆಯೂ ಇದೆ. ಭಾರತದಲ್ಲಿ ಚೀತಾ ಬಿಟ್ಟು ಬೇಟೆಯಾಡುತ್ತಿದ್ದುದಕ್ಕೆ ವಿದ್ವಾಂಸರು ತೋರಿಸುವ ಅತಿ ಹಳೆಯ ಆಧಾರ ಈ ಗ್ರಂಥವೇ. ಓಟದಲ್ಲಿ ಚಿಗರಿಯನ್ನು ಮೀರಿಸಬಲ್ಲದ್ದು ಚೀತಾ ಒಂದೇ ಅಲ್ಲವೇ? ರಾಜನಿಗೆ ಅದು ಸಿಕ್ಕಿತು.

ಬಡವನಿಗೆ? ಹಳಗನ್ನಡದಲ್ಲಿ "ದೀವ" ಎಂಬ ಮಾತುಂಟು. ಬೇರೆ ಪ್ರಾಣಿಗಳನ್ನು ಸೆಳೆಯಲು ಪಳಗಿಸಿ ಒಯ್ಯುವ ಪ್ರಾಣಿ ಎಂದರ್ಥ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದರೆ ಗಂಡು ಚಿಗರಿ ಕಾದಾಡಲು ಬರುತ್ತದೆ. ಸಾಕಿದ ಚಿಗರಿಯ ಕೋಡಿಗೆ ಉರುಲು ಕಟ್ಟಿ ಬಿಟ್ಟು, ಕಾದಾಡಲು ಬಂದ ಕಾಡುಚಿಗರಿ ಅದರಲ್ಲಿ ಸಿಕ್ಕಿಬೀಳುವಂತೆ ಮಾಡುವ ಬಗೆಯನ್ನು ಅಕ್ಬರನ ಕಾಲದ ಐನ್-ಇ-ಅಕ್ಬರಿಯೂ ವಿವರಿಸುತ್ತದೆ. ನಮ್ಮ ಭಾಗದ ಹರಣಶಿಕಾರಿಗಳ ಹೆಸರಿನಲ್ಲೇ ಚಿಗರಿ ಇದೆ. ಹರಣ ಎಂದರೆ ಅದೇ. ಫಾಸೆಪಾರ್ಧಿಗಳ ಹೆಸರಿನಲ್ಲಿರುವುದು ಫಾಸೆ, ಅಂದರೆ ಉರುಲು. ಚಿಗರಿ ಓಡಾಡುವ ದಾರಿಗೆ ಅಡ್ಡಲಾಗಿ ಗೂಟ ಹೊಡೆದು ಸಾಲಾಗಿ ಉರುಲು ಕಟ್ಟುವುದು ಅವರ ವಿದ್ಯೆ. ಇಂಥ ಸಮುದಾಯಗಳನ್ನೇ ಬ್ರಿಟಿಷರು 1871ರ ಕಾಯ್ದೆಯಿಂದ ಅಪರಾಧಿ ಬುಡಕಟ್ಟುಗಳೆಂದು ಕರೆದದ್ದು. ಆ ಹಣೆಪಟ್ಟಿ ಕಾನೂನಿನಿಂದ ಹೋಗಲು 1952 ಬರಬೇಕಾಯಿತು.

ಇನ್ನೊಂದು ಉಪಾಯ ಎತ್ತು. ಮನುಷ್ಯ ಒಬ್ಬನೇ ನಡೆದು ಬಂದರೆ ಓಡುವ ಚಿಗರಿ ಎತ್ತಿನ ಬಂಡಿ ಬಂದರೆ ಅಷ್ಟಾಗಿ ಹೆದರುವುದಿಲ್ಲ. ಬಂಡಿಯ ಮರೆಯಲ್ಲಿ ಸುತ್ತು ಹಾಕುತ್ತ ಹತ್ತಿರವಾಗುವುದನ್ನು ಬ್ರಿಟಿಷ್ ಬೇಟೆಗಾರರು ಬರೆದಿಟ್ಟಿದ್ದಾರೆ.

ಅಂದರೆ ಏನಾಯಿತು? ಬಿಲ್ಲು ಕೊನೆಯ ಸಾಮಾನು. ಮೊದಲನೆಯದು ಚಿಗರಿಯ ನಂಬಿಕೆ. ಅದು ಎತ್ತನ್ನು ನಂಬುತ್ತದೆ, ತನ್ನ ದಾರಿಯನ್ನು ನಂಬುತ್ತದೆ. ಆ ನಂಬಿಕೆಯನ್ನು ಕದಿಯುವುದೇ ನಿಜವಾದ ಆಯುಧ. ಅದಕ್ಕೆ ದಿನಗಟ್ಟಲೆ ತಾಳ್ಮೆ ಬೇಕು. ಆ ತಾಳ್ಮೆಯೇ ಚಿಗರಿಯನ್ನೂ ಉಳಿಸಿತು ಅನ್ನಿಸುತ್ತದೆ. ಬಂದೂಕು, ಜೀಪು, ರಾತ್ರಿಯ ದೀಪ ಬಂದ ಮೇಲೆ ಅದ್ಯಾವುದೂ ಬೇಕಾಗಲಿಲ್ಲ. ಹಿಂಡುಗಳು ಕರಗಿದವು. ಚೀತಾ ಅಂತೂ ಮುಗಿದೇ ಹೋಯಿತು. 1952ರಲ್ಲಿ ಭಾರತದಲ್ಲಿ ಚೀತಾ ಇಲ್ಲ ಎಂದು ಘೋಷಿಸಿದರು. 2022ರಲ್ಲಿ ಮತ್ತೆ ಆಫ್ರಿಕಾದಿಂದ ತರಬೇಕಾಯಿತು. ಚಿಗರಿಯನ್ನು 1972ರ ವನ್ಯಜೀವಿ ಕಾಯ್ದೆ ಹಿಡಿದುಕೊಂಡಿತು. ಇಂದು ಅದನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

ಒಂದು ಮಾತು ಹೇಳಲೇಬೇಕು. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಆತ ನಮ್ಮ ಕಲಬುರಗಿ ಜಿಲ್ಲೆಯ ಮರ್ತೂರಿನವನು ಎನ್ನುತ್ತಾರೆ. ಮಿತಾಕ್ಷರಾ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯ ಆರಂಭದಲ್ಲೇ ಕೃಷ್ಣಮೃಗ ಬರುತ್ತದೆ. ಅದು ಇರುವ ನಾಡಿನ ಧರ್ಮವನ್ನು ಹೇಳುತ್ತೇನೆ ಎಂದೇ ಋಷಿ ಶುರುಮಾಡುತ್ತಾನೆ. ತಂದೆಯ ಆಸ್ಥಾನದಲ್ಲಿ ಚಿಗರಿ ಧರ್ಮದ ಗುರುತು, ಮಗನ ಪುಸ್ತಕದಲ್ಲಿ ಚಿಗರಿ ವಿನೋದ! ಎರಡರಲ್ಲೂ ಹೆಸರಿನ ಸಾಲು ಕಳೆದುಕೊಂಡ ರೈತ ಇಲ್ಲ.

ಮರುದಿನ ಮಬ್ಬು ಹರಿಯುವ ಹೊತ್ತಿಗೆ ಮಾವನ ಜೊತೆ ತೊಗರಿಯಲ್ಲಿ ಎಡೆ ಹೊಡೆಯಲು ಹೋದೆ. ಎತ್ತುಗಳು ಮುಂದೆ, ನಾವು ಹಿಂದೆ. ಸಾಲಿನ ತುದಿ ಮುಟ್ಟಿ ಎತ್ತು ತಿರುವುವಾಗ ನೋಡುತ್ತೇನೆ, ಐವತ್ತು ಹೆಜ್ಜೆಯಲ್ಲಿ ಕರಿ ಗಂಡು, ಹಿಂದೆ ಐದಾರು ಹೆಣ್ಣು. ಓಡಲಿಲ್ಲ. ಎತ್ತುಗಳನ್ನೇ ನೋಡುತ್ತಾ ನಿಂತಿದ್ದವು.

ಮುತ್ಯಾ ಹೊಡೆದಿದ್ದರೆ ಹೀಗೇ ಹೊಡೆದಿರಬೇಕು. ಓಡುವ ಚಿಗರಿಯನ್ನಲ್ಲ, ನಂಬಿ ನಿಂತದ್ದನ್ನು.

"ಮಾವಾ, ಈಗ ಬಿಲ್ಲು ಇದ್ದಿದ್ರ ಹೊಡೀತಿದ್ರೇನು?" ಮೆಲ್ಲಗೆ ಕೇಳಿದೆ.

ಮಾವ ಆ ಗಂಡನ್ನು ಸ್ವಲ್ಪ ಹೊತ್ತು ನೋಡಿದರು. "ಎತ್ತಿಗಿ ಅಂಜಲಾರದ್ದು ಅದು. ಅದಕ್ಕ ಹ್ಯಾಂಗ ಹೊಡೀಲಿ?" ಅಂದರು. ಆಮೇಲೆ ಟವೆಲ್ ಬೀಸಿ "ಹೋಯ್!" ಅಂತ ಕೂಗಿದರು. ಹಿಂಡು ಜಿಗಿಯುತ್ತ ಪಕ್ಕದವರ ಹೊಲಕ್ಕೆ ಇಳಿಯಿತು. ಅಲ್ಲಿಂದ ಡಬ್ಬಿ ಬಡಿಯುವ ಸಪ್ಪಳ ಶುರುವಾಯಿತು.