ಡೋಲು ಯಾರ ಹೆಗಲಿಗೆ?

ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಜಾನಪದ ವಾದ್ಯವೃಂದ ಅಂತ ಒಂದು ಸ್ಪರ್ಧೆ ಉಂಟು. ಹುಡುಗರು ಹೆಸರು ಕೊಡ್ತಾರೆ, ಡೋಲು ಚೆಂಡೆ ಹಿಡಿದು ವೇದಿಕೆ ಹತ್ತುತ್ತಾರೆ. ಸಂತೋಷ. ಆದರೆ ಮನಸ್ಸು ಬಂದ ವಾದ್ಯಕ್ಕೆ ಹೆಸರು ಕೊಡುವುದು ಪಡುಬಿದ್ರಿ ಸೀಮೆಗೆ ಎಷ್ಟು ಹೊಸದೆಂದು ನಾವು ಕೆದಕಿ ನೋಡಬೇಕಾಗಿದೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ 1702ರ ಸುಮಾರಿಗೆ ಟೆಲೆಮಾನ್ ಎಂಬ ಕಾನೂನು ವಿದ್ಯಾರ್ಥಿ ಓರಗೆಯವರನ್ನು ಕೂಡಿಸಿ ವಾದ್ಯವೃಂದ ಕಟ್ಟಿದ. ಅಲ್ಲಿ ಸೇರಿದವರು ಇಷ್ಟಪಟ್ಟು ಸೇರಿದವರು. ನಮ್ಮ ಕರಾವಳಿಯಲ್ಲಿ ವಾದ್ಯ ಹೆಗಲಿಗೆ ಬಿದ್ದದ್ದು ಹುಟ್ಟಿನಿಂದ. ಪಡುಬಿದ್ರಿ ಬ್ರಹ್ಮಸ್ಥಾನದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಢಕ್ಕೆಬಲಿಯ ಢಕ್ಕೆ ವೈದ್ಯರದು. ಭೂತಕೋಲದ ತೆಂಬರೆ ಪಂಬದ, ನಲಿಕೆಯವರದು. ಡೋಲು ಕೊರಗರದು. ಢಕ್ಕೆ ದೇವರ ಮುಂದೆ ನುಡಿಯಿತು, ಡೋಲು ಅಂಗಳದ ಹೊರಗೆ.

ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬದಿ ಕೂತು ಬೆಳಗಿನವರೆಗೆ ಡೋಲು ಬಡೀಬೇಕಿತ್ತು. ತುಳುವಿನಲ್ಲಿ ಅದಕ್ಕೆ ‘ಪನಿ ಕುಲ್ಲುನಿ’, ಇಬ್ಬನಿಯಲ್ಲಿ ಕೂರುವುದು. ಎಂಥ ಚಂದದ ಹೆಸರು ಮಾರಾಯ್ರೆ! ಬೆಳಗಾದರೆ ಕೋಣಗಳಿಗಿಂತ ಮುಂಚೆ ಅವರನ್ನೇ ಕೆಸರಿನಲ್ಲಿ ಓಡಿಸುತ್ತಿದ್ದರು. ಗಾಜು ಮುಳ್ಳು ಇದ್ದರೆ ಮನುಷ್ಯನ ಕಾಲಿಗೆ ಚುಚ್ಚಲಿ, ಕೋಣಕ್ಕೆ ಬೇಡ! ಧಣಿಮನೆಯ ಅನಿಷ್ಟ ಇವರಿಗೆ ದಾಟಲೆಂದು ಕೂದಲು ಉಗುರು ಕಲಸಿದ ಅನ್ನ ಉಣ್ಣಿಸಿದ್ದೂ ಉಂಟು. ಇದೆಲ್ಲ ಸೇರಿ ‘ಅಜಲು’. ಕೂಲಿ ಕೇಳುವ ಹಾಗಿಲ್ಲ, ಒಲ್ಲೆ ಅನ್ನುವ ಹಾಗೂ ಇಲ್ಲ.

1950ರಲ್ಲಿ ಸಂವಿಧಾನ ಬಂತು, ಅಸ್ಪೃಶ್ಯತೆ ರದ್ದು ಅಂತು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಬಂತು. ಅಜಲು ಹೋಗಲಿಲ್ಲ. ಕರ್ನಾಟಕ ಸರ್ಕಾರ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ತಂದದ್ದು 2000ದಲ್ಲಿ, ವಿಶ್ವವಿದ್ಯಾಲಯಕ್ಕೆ ಇಪ್ಪತ್ತು ತುಂಬಿದ ಮೇಲೆ. ಕೊರಗರನ್ನು ಕೀಳಾಗಿ ಕಂಡು ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಆ ಅನ್ನ ಉಣ್ಣಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಮೂರೂ ಅಂದಿನಿಂದ ಅಪರಾಧ.

ಅಜಲು ನಿಂತರೆ ಕಲೆ ಸಾಯುತ್ತದಲ್ಲ ಅಂತ ಕೆಲವು ಪಂಡಿತರು ಕೊರಗುತ್ತಾರೆ. ಇಬ್ಬನಿಯಲ್ಲಿ ಕೂತವರು ಅವರಲ್ಲ. ಡೋಲಿನ ನಾದ ದೊಡ್ಡದು, ಅದರಲ್ಲಿ ನಮಗೆ ತಕರಾರಿಲ್ಲ. ಬಡಿಯುವವನು ಬೇಡ ಅನ್ನಬಲ್ಲನೆ, ಅದಷ್ಟೇ ನಮ್ಮ ಪ್ರಶ್ನೆ.

ಕಾಲೇಜು ತಂಡ ಕಟ್ಟುವ ಮೇಷ್ಟ್ರುಗಳೇ, ಕೊರಗರ ಹುಡುಗ ಹೆಸರು ಕೊಡಲು ಬಂದರೆ ‘ನಿಂದು ಡೋಲಲ್ವಾ’ ಅಂತ ನೀವೇ ಬರೆದುಕೊಳ್ಳಬೇಡಿ. ಪಿಟೀಲು ಕೇಳಿದರೆ ಪಿಟೀಲು ಕೊಡಿ, ಕಲಿಸಿ. ಡೋಲನ್ನೇ ಕೇಳಿದರೆ ಅದನ್ನೂ ಕೊಡಿ. ವಾದ್ಯವೇ ಬೇಡ, ಹಾಡ್ತೇನೆ ಅಂದರೆ ಯಾಕೆ ಅಂತ ಕೇಳೋದು ಬೇಡ.