ನಿದ್ರೆಯ ಅಲೆ, ನೆನಪಿನ ನೆಲೆ

ಪರೀಕ್ಷೆಯ ಕಾಲ ಬಂತೆಂದರೆ ವಿದ್ಯಾರ್ಥಿಗಳ ಕೋಣೆಯಲ್ಲಿ ದೀಪ ಆರುವುದಿಲ್ಲ. ಕಾಫಿ ಕುಡಿದು, ಕಣ್ಣಿಗೆ ತಣ್ಣೀರು ಚಿಮುಕಿಸಿಕೊಂಡು, ಬೆಳಗಿನ ಜಾವದವರೆಗೂ ಓದುವುದೇ ಶ್ರದ್ಧೆಯ ಲಕ್ಷಣವೆಂದು ನಾವು ಎಣಿಸಿದ್ದೇವೆ. ನಾನೂ ಹಾಗೆ ಓದಿದವನೇ. ಅಧ್ಯಾಪಕನಾದ ಮೇಲೆ ಎಷ್ಟೋ ವರ್ಷ ಅದನ್ನೇ ಉಪದೇಶಿಸಿದವನು ಕೂಡ. ಆದರೆ ಆಗಲೂ ಒಂದು ಅನುಭವ ಮನಸ್ಸನ್ನು ಕೆಣಕುತ್ತಿತ್ತು. ರಾತ್ರಿ ಹತ್ತು ಸಲ ಹೇಳಿಕೊಂಡರೂ ತೊಡರುತ್ತಿದ್ದ ಹಳಗನ್ನಡ ಪದ್ಯ, ಸೋತು ಮಲಗಿ ಎದ್ದ ಮಾರನೆಯ ಬೆಳಿಗ್ಗೆ ತಾನಾಗಿ ನಾಲಗೆಗೆ ಹರಿದು ಬರುತ್ತಿತ್ತು. ನಾನು ಮಲಗಿದ್ದಾಗ ಓದಿದವರು ಯಾರು?

ಪ್ರಶ್ನೆ ಹೊಸದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ಭಾಷಣಕಲೆಯನ್ನು ಕಲಿಸುತ್ತಿದ್ದ ಕ್ವಿಂಟಿಲಿಯನ್ ಇದೇ ಸೋಜಿಗವನ್ನು ಗುರುತಿಸಿದ್ದ. ಆಗಿಂದಾಗ ಒಪ್ಪಿಸಲಾರದ ಪಾಠ ಒಂದು ರಾತ್ರಿ ಕಳೆದ ಮೇಲೆ ಸಲೀಸಾಗಿ ಬರುತ್ತದೆಂದು ಅವನು ಬರೆದಿಟ್ಟ. ಅಧ್ಯಾಪಕರು ಕಂಡದ್ದನ್ನು ವಿಜ್ಞಾನಿಗಳು ಕೇಳಿಸಿಕೊಳ್ಳಲು ಹದಿನೆಂಟು ಶತಮಾನಗಳೇ ಬೇಕಾದವು.

1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ನೆನಪನ್ನು ಅಳೆದ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಅಳಿಯುತ್ತದೆಂದು ಲೆಕ್ಕವಿಟ್ಟ. ಮೊದಲ ಗಂಟೆಯಲ್ಲೇ ಅರ್ಧಕ್ಕೂ ಹೆಚ್ಚು ಹೋಯಿತು. ಸುಮಾರು 9 ಗಂಟೆಗಳ ಹೊತ್ತಿಗೆ ನೂರಕ್ಕೆ 36 ಪಾಲು ಉಳಿದಿತ್ತು. 24 ಗಂಟೆಗಳ ಹೊತ್ತಿಗೆ 34. ನಿದ್ರೆಯೂ ಸೇರಿದ ಆ 15 ಗಂಟೆಗಳಲ್ಲಿ ಕಳೆದದ್ದು ಬರಿಯ ಎರಡು ಪಾಲು! ಈ ವಿಚಿತ್ರ ಅವನ ಕಣ್ಣಿಗೂ ಬಿತ್ತು. ಆದರೆ ನಿದ್ರೆಗೆ ಅಂಥ ಶಕ್ತಿಯುಂಟೆಂದು ನಂಬಲು ಮನಸ್ಸೊಪ್ಪದೆ ಅವನು ಮುಂದೆ ಸಾಗಿದ.

ಆಮೇಲೆ ಬಂದದ್ದು 1924. ಆ ಒಂದೇ ವರ್ಷದಲ್ಲಿ ಎರಡು ಘಟನೆಗಳು ನಡೆದವು. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು.

ಮೊದಲನೆಯದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ್ದು. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ವಿದ್ಯಾರ್ಥಿಗಳಿಗೆ ಹತ್ತು ಹತ್ತು ಅಕ್ಷರಗುಚ್ಛಗಳನ್ನು ಕಲಿಸಿ, ಒಮ್ಮೆ ನಿದ್ರೆಯ ನಂತರ, ಒಮ್ಮೆ ಎಚ್ಚರದ ನಂತರ ಕೇಳಿ ನೋಡಿದರು. ಎಂಟು ಗಂಟೆ ಮಲಗಿ ಎದ್ದವರಿಗೆ ಅರ್ಧಕ್ಕೂ ಹೆಚ್ಚು ನೆನಪಿತ್ತು. ಅಷ್ಟೇ ಹೊತ್ತು ಎಚ್ಚರವಿದ್ದವರಿಗೆ ಹತ್ತರಲ್ಲಿ ಒಂದರಷ್ಟೂ ಕಷ್ಟ. ಆದರೆ ಅವರು ಕಂಡುಕೊಂಡ ಕಾರಣ ಬೇರೆ: ನಿದ್ರೆಯಲ್ಲಿ ಹೊಸ ಸಂಗತಿಗಳ ಗದ್ದಲವಿಲ್ಲ, ಆದ್ದರಿಂದ ಹಳೆಯದು ಅಳಿಯುವುದಿಲ್ಲ. ಅಂದರೆ ನಿದ್ರೆ ಒಂದು ಕೊಡೆಯಿದ್ದಂತೆ. ಮಳೆಯಿಂದ ಕಾಯುತ್ತದೆ, ತಾನಾಗಿ ಏನೂ ಮಾಡುವುದಿಲ್ಲ.

ಎರಡನೆಯದು ಜರ್ಮನಿಯ ಯೇನಾ ನಗರದ್ದು. ಅಲ್ಲಿನ ಮನೋವೈದ್ಯ ಹ್ಯಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದ. ಅವನು ಹುಡುಕುತ್ತಿದ್ದುದು ನಿದ್ರೆಯನ್ನೂ ಅಲ್ಲ, ಸ್ಮೃತಿಯನ್ನೂ ಅಲ್ಲ. ತಾರುಣ್ಯದಲ್ಲಿ ಸೈನಿಕ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಬಂಡಿಯ ಗಾಲಿಗೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದ. ಅದೇ ದಿನ, ಅವನಿಗೇನೋ ಕೇಡಾಗಿದೆಯೆಂದು ದೂರದ ಊರಿನಲ್ಲಿದ್ದ ಸೋದರಿ ಕಳವಳಪಟ್ಟಳೆಂದು ಮನೆಯಿಂದ ತಂತಿ ಬಂತು. ಮನಸ್ಸಿನಿಂದ ಮನಸ್ಸಿಗೆ ಹರಿದ ಆ ಶಕ್ತಿ ಯಾವುದೆಂಬ ಹಂಬಲವೇ ಅವನನ್ನು ವೈದ್ಯಶಾಸ್ತ್ರಕ್ಕೆ ಎಳೆದದ್ದು. ಆ ಶಕ್ತಿ ಸಿಕ್ಕಲಿಲ್ಲ; ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ಅಲೆಗಳು ಸಿಕ್ಕವು. ತನ್ನ ಕಣ್ಣನ್ನೇ ನಂಬಲಾರದೆ ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದ. ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲಷ್ಟೇ ಜಗತ್ತು ತಲೆದೂಗಿತು. ನಾಜೀ ಆಡಳಿತದ ಸಂತಾನಹರಣ ನ್ಯಾಯಮಂಡಳಿಯಲ್ಲಿ ಅವನೂ ಕುಳಿತದ್ದು ಆ ಬಾಳಿಗೆ ಹತ್ತಿದ ಕಳಂಕ. 1941ರಲ್ಲಿ ಖಿನ್ನತೆಗೆ ಸಿಕ್ಕಿ ಆತ್ಮಹತ್ಯೆ ಮಾಡಿಕೊಂಡ.

ಅಲೆಗಳನ್ನು ನಿದ್ರೆಯ ಒಳಗೆ ಹಿಂಬಾಲಿಸಿದವನು ಆಲ್‌ಫ್ರೆಡ್ ಲೂಮಿಸ್ ಎಂಬ ಅಮೆರಿಕದ ಧನಿಕ. ವಾಲ್ ಸ್ಟ್ರೀಟಿನಲ್ಲಿ ಗಳಿಸಿದ ಹಣದಿಂದ ಟಕ್ಸಿಡೋ ಪಾರ್ಕಿನಲ್ಲಿ ಖಾಸಗಿ ಪ್ರಯೋಗಶಾಲೆ ಕಟ್ಟಿಕೊಂಡು, ಮಲಗಿದವರ ಮಿದುಳಲೆಗಳನ್ನು ರಾತ್ರಿಯುದ್ದಕ್ಕೂ ಕಾಗದಕ್ಕಿಳಿಸಿದ. 1935ರಲ್ಲಿ ಅವನಿಗೊಂದು ಹೊಸ ಆಕೃತಿ ಕಾಣಿಸಿತು. ಸೆಕೆಂಡಿಗೆ ಸುಮಾರು 14ರಂತೆ ಎದ್ದು, ನಡುವೆ ಉಬ್ಬಿ, ಎರಡು ತುದಿಗಳಲ್ಲಿ ಸಣ್ಣದಾಗುವ ಅಲೆಗಳ ಗೊಂಚಲು. ನೂಲು ಸುತ್ತಿದ ಕದಿರನ್ನು ಹೋಲುತ್ತಿದ್ದುದರಿಂದ ಅದಕ್ಕೆ ಕದಿರೆಂದೇ ಹೆಸರಾಯಿತು. 1953ರಲ್ಲಿ ಷಿಕಾಗೋದಲ್ಲಿ ಕನಸಿನ ನಿದ್ರೆ ಪತ್ತೆಯಾದಾಗ ಎಲ್ಲರ ಗಮನವೂ ಅತ್ತ ಹರಿಯಿತು. ಗಾಢನಿದ್ರೆಯನ್ನು ಕೇಳುವವರು ಕಡಿಮೆಯಾದರು.

1993ರಲ್ಲಿ ಕ್ವಿಬೆಕ್‌ನ ಸ್ಟೆರಿಯಾಡೆ ಗಾಢನಿದ್ರೆಯ ಆಳದ ಲಯವೊಂದನ್ನು ವಿವರಿಸಿದ. ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದ ಆ ಅಲೆಯಲ್ಲಿ ಮಿದುಳಿನ ಹೊರಪದರದ ಅಸಂಖ್ಯ ಕಣಗಳು ಒಟ್ಟಾಗಿ ಮೌನ ತಾಳಿ, ಒಟ್ಟಾಗಿ ಏಳುತ್ತವೆ. ಮರುವರ್ಷ ಅಮೆರಿಕದ ಆರಿಜೋನದಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ, ಎಂದರೆ ಕಡಲಕುದುರೆಯ ಆಕಾರದಿಂದ ಹೆಸರು ಪಡೆದ ಮಿದುಳಿನ ಭಾಗದಲ್ಲಿ, ಒಂದು ಅಚ್ಚರಿ ಕಂಡರು. ಇಲಿ ಓಡಾಡಿದಾಗ ಯಾವ ಕಣಗಳು ಜೊತೆಯಾಗಿ ಮಿಡಿದಿದ್ದವೋ ಅವೇ ಕಣಗಳು ಅದು ಮಲಗಿದ ಮೇಲೂ ಜೊತೆಯಾಗಿ ಮಿಡಿದವು. ಪಾಠ ಮತ್ತೊಮ್ಮೆ ಓದಿಸಿಕೊಳ್ಳುತ್ತಿತ್ತು!

ಈಗ ವಿಜ್ಞಾನಿಗಳು ಚಿತ್ರಿಸುವ ಬಗೆಯನ್ನು ನಮ್ಮ ಅಂಗಡಿಯ ಮಾತಿನಲ್ಲಿ ಹೇಳಬಹುದು. ಹಿಪೊಕ್ಯಾಂಪಸ್ ಹಗಲಿನ ಕಿರ್ದಿ, ಬಂದದ್ದನ್ನೆಲ್ಲ ಗೀಚಿಕೊಳ್ಳುತ್ತದೆ. ಹೊರಪದರ ಖಾತೆಯ ಪುಸ್ತಕ. ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಗುಮಾಸ್ತ ಕಿರ್ದಿಯನ್ನು ಖಾತೆಗೆ ಏರಿಸುತ್ತಾನೆ. ನಿಧಾನದ ಅಲೆ ಏಳುತ್ತಲೇ ಅದರ ನೆತ್ತಿಯ ಮೇಲೆ ಕದಿರು ಮೂಡುತ್ತದೆ; ಕದಿರಿನ ಒಳಗೆ ಹಿಪೊಕ್ಯಾಂಪಸ್ಸಿನಿಂದ ಅತಿ ವೇಗದ ಕಿರುದೆರೆಯೊಂದು ಹೊಮ್ಮುತ್ತದೆ. ಮೂರೂ ತಾಳ ತಪ್ಪದೆ ಕೂಡಿದಾಗ ನೆನಪು ಖಾತೆಗೆ ಏರುತ್ತದೆ. ವೃದ್ಧಾಪ್ಯದಲ್ಲಿ ಈ ತಾಳ ಸಡಿಲವಾಗುವುದೂ ಕಂಡುಬಂದಿದೆ.

ಅಲೆಗಳು ಬರಿಯ ಸದ್ದೋ, ನಿಜವಾದ ಕೆಲಸವೋ? 2006ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಲೀಸಾ ಮಾರ್ಷಲ್, ಯಾನ್ ಬೋರ್ನ್ ಮತ್ತು ಅವರ ಸಂಗಡಿಗರು ಮಲಗಿದ 13 ಮಂದಿಯ ತಲೆಗೆ ಅದೇ ನಿಧಾನದ ಲಯದಲ್ಲಿ ಬಲು ಮೆಲ್ಲಗೆ ವಿದ್ಯುತ್ ಹರಿಸಿದರು. ಬೆಳಿಗ್ಗೆ ಅವರಿಗೆ ಹೆಚ್ಚು ಪದಗಳು ನೆನಪಿದ್ದವು. 2009ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಮಲಗಿದ ಇಲಿಗಳಲ್ಲಿ ಆ ಕಿರುದೆರೆಗಳನ್ನು ಮಾತ್ರ ತಡೆದಾಗ, ಅವುಗಳ ಕಲಿಕೆ ಕುಂಠಿತವಾಯಿತು. ಲ್ಯೂಬೆಕ್‌ನ ಫಲ ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ದೊರೆಯಲಿಲ್ಲವೆಂಬುದನ್ನು ಹೇಳದಿರಲಾಗದು. ಆದರೂ 1924ರಲ್ಲಿ ಬೇರೆ ಬೇರೆ ಹೊರಟ ಎರಡು ದಾರಿಗಳು ಕಡೆಗೂ ಇಲ್ಲಿ ಕೂಡಿದವು. ನಿದ್ರೆ ಕೊಡೆಯಲ್ಲ, ಗುಮಾಸ್ತ.

ಹಿಂದಿರುಗಿ ನೋಡಿದರೆ ಮನಸ್ಸಿಗೆ ನಾಟುವುದು ಒಂದೇ ಸಂಗತಿ. ಉತ್ತರ ಎಬಿಂಗ್‌ಹೌಸನ ಪಟ್ಟಿಯಲ್ಲೇ ಇತ್ತು. ಮಲಗಿದವನು ಸೋಮಾರಿ ಎಂಬ ನಮ್ಮ ಹಳೆಯ ತೀರ್ಮಾನವೇ ಅದನ್ನು ಮರೆಸಿತ್ತು. ಆ ತೀರ್ಮಾನಕ್ಕೆ ಬೆಲೆ ತೆತ್ತವರು ನಿದ್ದೆಗೆಟ್ಟು ಓದಿದ ಮಕ್ಕಳು. ಬೋಧಿಸಿದವರಲ್ಲಿ ನಾನೂ ಒಬ್ಬ.

ಈಗ ಪರೀಕ್ಷೆಗೆ ಮುಂಚಿನ ಕೊನೆಯ ತರಗತಿಯಲ್ಲಿ ನಾನು ಹೇಳುವುದು ಇಷ್ಟೆ: ಹಗಲಲ್ಲಿ ಚೆನ್ನಾಗಿ ಓದಿ, ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಿ. ಕಿರ್ದಿ ಬರೆಯುವುದು ನಿಮ್ಮ ಕೆಲಸ. ಖಾತೆಗೆ ಏರಿಸುವವನನ್ನು ಅವನ ಪಾಡಿಗೆ ಬಿಡಿ.